ಮುದ್ದೆಗೂ ಮಾತ್ರೆಗೂ ನಾಲ್ಕು ಗಂಟೆ: ಐಟಿಪಿ ಇಟ್ಟುಕೊಂಡು ದಿನ ಕಳೆಯುವ ಬಗೆ

ರಿಪೋರ್ಟಿನಲ್ಲಿ 0.11 ಅಂತ ಇತ್ತು. ಪಕ್ಕದಲ್ಲಿ ಸಣ್ಣದಾಗಿ 'ಲಕ್ಷ' ಎಂದು ಬರೆದಿದ್ದರು. ನಾನು ಬಸ್ ಕಂಡಕ್ಟರ್. ದಿನಾ ಚಿಲ್ಲರೆ ಲೆಕ್ಕ ಹಾಕುವವಳು. ಆದರೂ ಅವತ್ತು ಆ ಲೆಕ್ಕ ತಲೆಗೆ ಹೋಗಲಿಲ್ಲ. ಲ್ಯಾಬಿನ ಹುಡುಗನೇ ಬಿಡಿಸಿ ಹೇಳಿದ: "ಹನ್ನೊಂದು ಸಾವಿರ ಮೇಡಂ. ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ." ಪ್ಲೇಟ್ಲೆಟ್, ಅಂದರೆ ಗಾಯವಾದಾಗ ರಕ್ತ ನಿಲ್ಲಿಸುವ ಸಣ್ಣ ಕಣ, ಇರಬೇಕಾದ್ದು 1.5 ಲಕ್ಷದಿಂದ 4.5 ಲಕ್ಷ.

ನನಗಿರುವುದು ಐಟಿಪಿ, ಮೈ ತನ್ನದೇ ಪ್ಲೇಟ್ಲೆಟ್‌ಗಳನ್ನು ನಾಶ ಮಾಡುವ ಕಾಯಿಲೆ. ಗೊತ್ತಾಗಿ ಒಂಬತ್ತು ವರ್ಷ. ತಿಪಟೂರಿನಲ್ಲೇ ಇದ್ದೇನೆ, ಅದೇ ಕೆಲಸ ಮಾಡುತ್ತಿದ್ದೇನೆ. ಹೊಸದಾಗಿ ಐಟಿಪಿ ಗೊತ್ತಾದವರು ಯಾರ ಮೂಲಕವೋ ನನ್ನ ನಂಬರ್ ಹುಡುಕಿ ಫೋನ್ ಮಾಡುತ್ತಾರೆ. ಎಲ್ಲರಿಗೂ ಹೇಳಿದ್ದನ್ನೇ ಹೇಳಿ ಹೇಳಿ ಸಾಕಾಗಿ ಈಗ ಬರೆಯಲು ಕೂತಿದ್ದೇನೆ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ ಅನ್ನುವುದನ್ನು ನಿಮ್ಮ ಡಾಕ್ಟರನ್ನೇ ಕೇಳಿ. ಅಡುಗೆಮನೆ, ಬಸ್ಸು, ಮುಟ್ಟಿನ ದಿನ, ಇವುಗಳ ಬಗ್ಗೆ ನನ್ನನ್ನು ಕೇಳಿ.

ಮೊದಲು ಅದು ಡೆಂಗ್ಯೂ ಅಲ್ಲ ಅಂತ ತಿಳಿಯಬೇಕು

ನನಗೆ ಶುರುವಾಗಿದ್ದು ಕಾಲಲ್ಲಿ. ಮೊಣಕಾಲ ಕೆಳಗೆ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು. ತುರಿಕೆ ಇಲ್ಲ, ನೋವಿಲ್ಲ. ದಿನವಿಡೀ ನಿಂತೇ ಕೆಲಸ ಮಾಡುತ್ತೇನಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ. ಅರ್ಧ ನಿಜ. ನಿಂತಾಗ ಕಾಲಿನ ಸಣ್ಣ ರಕ್ತನಾಳಗಳ ಮೇಲೆ ಒತ್ತಡ ಜಾಸ್ತಿ, ಹಾಗಾಗಿ ಚುಕ್ಕೆ ಮೊದಲು ಅಲ್ಲೇ ಕಾಣಿಸುತ್ತದೆ. ನೀವೇ ಮಾಡಬಹುದಾದ ಪರೀಕ್ಷೆ ಒಂದಿದೆ. ಗಾಜಿನ ಲೋಟದ ಬದಿಯನ್ನು ಚುಕ್ಕೆಯ ಮೇಲೆ ಒತ್ತಿ ನೋಡಿ. ಸೊಳ್ಳೆ ಕಚ್ಚಿದ್ದೋ ಅಲರ್ಜಿಯೋ ಆದರೆ ಒತ್ತಿದಾಗ ಕೆಂಪು ಮಾಸುತ್ತದೆ. ಚರ್ಮದ ಒಳಗೆ ರಕ್ತ ಜಿನುಗಿದ್ದರೆ ಮಾಸುವುದಿಲ್ಲ.

ನಮ್ಮ ಕಡೆ ಪ್ಲೇಟ್ಲೆಟ್ ಇಳಿದಿದೆ ಅಂದರೆ ಎಲ್ಲರೂ ಡೆಂಗ್ಯೂ ಅನ್ನುತ್ತಾರೆ. ನನಗೂ ಅಂದರು. ಜ್ವರವೇ ಇಲ್ಲದ ಡೆಂಗ್ಯೂ! ಹತ್ತು ದಿನ ಪರಂಗಿ ಎಲೆಯ ರಸ ಕುಡಿದೆ. ಆ ಕಹಿ ಈಗಲೂ ನಾಲಿಗೆಯಲ್ಲಿದೆ. ಡೆಂಗ್ಯೂನಲ್ಲಿ ಜ್ವರ ಬಿಟ್ಟ ಕೆಲವು ದಿನಕ್ಕೆ ಪ್ಲೇಟ್ಲೆಟ್ ತಾನಾಗಿಯೇ ಏರುತ್ತದೆ, ಆ ಹೆಸರು ಎಲೆಗೆ ಬರುತ್ತದೆ. ಐಟಿಪಿಯಲ್ಲಿ ಎಲೆಯ ಆಟ ನಡೆಯುವುದಿಲ್ಲ. ಕಿವಿ ಹಣ್ಣು, ದಾಳಿಂಬೆ, ಬೀಟ್ರೂಟ್ ಇಷ್ಟವಿದ್ದರೆ ತಿನ್ನಿ, ಕೌಂಟ್ ಏರಿಸಲು ಅಂತ ದುಡ್ಡು ಸುರಿಯಬೇಡಿ. ಪರಂಗಿಯಲ್ಲಿ ನನ್ನ ಮಟ್ಟಿಗೆ ಕೆಲಸಕ್ಕೆ ಬಂದದ್ದು ಹಣ್ಣು. ಮಲಬದ್ಧತೆ ಆಗಿ ತಿಣುಕಿದರೆ ರಕ್ತ ಬರುತ್ತದೆ, ಹಣ್ಣು ತಿಂದರೆ ಆ ಕಷ್ಟ ತಪ್ಪುತ್ತದೆ.

ಇನ್ನೊಂದು ಮಾತು. ಮೈಮೇಲೆ ಏನೂ ಕಾಣಿಸದೆ ರಿಪೋರ್ಟಿನಲ್ಲಿ ಮಾತ್ರ ತೀರಾ ಕಮ್ಮಿ ಬಂದರೆ ಗಾಬರಿ ಬೇಡ. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಇಡಿಟಿಎ ಎಂಬ ರಾಸಾಯನಿಕಕ್ಕೆ ಕೆಲವರ ಪ್ಲೇಟ್ಲೆಟ್ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೆಷಿನ್ ಆ ಗುಂಪನ್ನು ಬಿಡಿಬಿಡಿಯಾಗಿ ಎಣಿಸಲಾರದು. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ಎಣಿಸಲು, ಜೊತೆಗೆ ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪಿನಲ್ಲಿ ಕಣ್ಣಾರೆ ನೋಡಲು ಕೇಳಿ. ಇದಕ್ಕೆ ಸ್ಮಿಯರ್ ಅನ್ನುತ್ತಾರೆ.

"ಹೌದು, ಇದು ಐಟಿಪಿಯೇ" ಅಂತ ಹೇಳುವ ಒಂದು ಪರೀಕ್ಷೆ ಇಲ್ಲ. ಎಚ್‌ಐವಿ, ಹೆಪಟೈಟಿಸ್ ಸಿ, ಲೂಪಸ್, ಥೈರಾಯ್ಡ್, ಹೊಟ್ಟೆಯ ಎಚ್. ಪೈಲೋರಿ ಬ್ಯಾಕ್ಟೀರಿಯಾ, ತೆಗೆದುಕೊಳ್ಳುತ್ತಿರುವ ಬೇರೆ ಮಾತ್ರೆ, ಹೀಗೆ ಒಂದೊಂದನ್ನೇ ಹೊರಗಿಡುತ್ತಾ ಬರುತ್ತಾರೆ. ಕೊನೆಗೆ ಉಳಿದದ್ದು ಐಟಿಪಿ. ಅಷ್ಟೊಂದು ಟೆಸ್ಟ್ ಬರೆದರು ಅಂತ ಡಾಕ್ಟರ್ ಮೇಲೆ ಅನುಮಾನ ಪಡಬೇಡಿ. ನೋಡಬೇಕಾದದ್ದು ರಕ್ತದ ಡಾಕ್ಟರನ್ನು, ಅಂದರೆ ಹೆಮಟಾಲಜಿಸ್ಟ್. ನಾನು ಅದಕ್ಕೆ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತೇನೆ.

ನಮ್ಮತ್ತೆಗೆ ಮಾತ್ರ ಇದು ಇವತ್ತಿಗೂ 'ಉಷ್ಣ'. ಅವರಿಗೆ ನಾನೊಂದು ಕಥೆ ಹೇಳಿದ್ದೇನೆ. 1950ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ವಿಲಿಯಂ ಹ್ಯಾರಿಂಗ್ಟನ್ ಅಂತ ಒಬ್ಬ ಯುವ ಡಾಕ್ಟರ್ ಇದ್ದ. ಐಟಿಪಿ ಇದ್ದ ಹೆಂಗಸೊಬ್ಬಳ ರಕ್ತವನ್ನು ಸುಮಾರು ಅರ್ಧ ಲೀಟರ್ ತನಗೇ ಏರಿಸಿಕೊಂಡ. ಕೆಲವೇ ಗಂಟೆಗಳಲ್ಲಿ ಅವನ ಪ್ಲೇಟ್ಲೆಟ್ ಪಾತಾಳಕ್ಕೆ ಇಳಿಯಿತು, ಫಿಟ್ಸ್ ಕೂಡ ಬಂತು. ಕೆಲವು ದಿನಕ್ಕೆ ಸರಿಹೋದ. ಪ್ಲೇಟ್ಲೆಟ್ ಕೊಲ್ಲುವ ಏನೋ ಒಂದು ರೋಗಿಯ ರಕ್ತದಲ್ಲೇ ಓಡಾಡುತ್ತಿದೆ ಅಂತ ಗೊತ್ತಾದದ್ದು ಹಾಗೆ. ರೋಗಾಣುವಿನ ಮೇಲೆ ಬೀಳಬೇಕಾದ ಪ್ರತಿಕಾಯಗಳು ನಮ್ಮದೇ ಪ್ಲೇಟ್ಲೆಟ್‌ಗೆ ಅಂಟಿಕೊಳ್ಳುತ್ತವೆ, ಅಂಟಿದ್ದನ್ನು ಗುಲ್ಮ (ಹೊಟ್ಟೆಯ ಎಡಗಡೆ ಇರುವ ಸ್ಪ್ಲೀನ್) ನುಂಗುತ್ತದೆ. ಏಳೆಂಟು ದಿನ ಬಾಳಬೇಕಾದ ಪ್ಲೇಟ್ಲೆಟ್ ಎಷ್ಟೋ ಸಲ ಒಂದೆರಡು ದಿನವೂ ಉಳಿಯುವುದಿಲ್ಲ. ಕಥೆ ಕೇಳಿ ಅತ್ತೆ, "ಆ ಹೆಂಗಸಿಗೂ ಉಷ್ಣವೇ ಆಗಿತ್ತು ಬಿಡು" ಅಂದರು.

ಕೌಂಟ್ ಬಿಡಿ, ಬಾಯಿ ನೋಡಿ

ಮೊದಲ ವರ್ಷ ನಾನು ವಾರಕ್ಕೆ ಎರಡು ಸಲ ರಕ್ತ ಕೊಡುತ್ತಿದ್ದೆ. 26 ಸಾವಿರ ಬಂದರೆ ಮನೆಯಲ್ಲಿ ಪಾಯಸ, 21 ಬಂದರೆ ಯಾರೂ ಮಾತಾಡುತ್ತಿರಲಿಲ್ಲ. ಎಂಥ ಪೆದ್ದುತನ! ಒಂದು ನೆಗಡಿ ಬಂದರೂ ಅಷ್ಟು ಏರಿಳಿಯುತ್ತದೆ. ಲ್ಯಾಬಿನಿಂದ ಲ್ಯಾಬಿಗೂ ವ್ಯತ್ಯಾಸ ಬರುತ್ತದೆ. ಒಂದೇ ಲ್ಯಾಬಿಗೆ ಹೋಗಿ, ಡಾಕ್ಟರ್ ಹೇಳಿದಾಗ ಮಾತ್ರ ಹೋಗಿ.

ದೊಡ್ಡವರಲ್ಲಿ ಕೌಂಟ್ 30 ಸಾವಿರಕ್ಕಿಂತ ಮೇಲಿದ್ದು ರಕ್ತಸ್ರಾವ ಇಲ್ಲದಿದ್ದರೆ ಎಷ್ಟೋ ಸಲ ಔಷಧಿಯನ್ನೇ ಕೊಡುವುದಿಲ್ಲ, ಸುಮ್ಮನೆ ಗಮನಿಸುತ್ತಾರೆ. ಇದನ್ನು ಕೇಳಿ ತುಂಬಾ ಜನಕ್ಕೆ ಕೋಪ ಬರುತ್ತದೆ. ಆದರೆ ಔಷಧಿ ಕೊಡುವುದು ರಕ್ತ ನಿಲ್ಲಿಸಲು. ರಿಪೋರ್ಟ್ ಚಂದ ಕಾಣಿಸಲಿ ಅಂತ ಅಲ್ಲ. ಮಕ್ಕಳಲ್ಲಂತೂ ಹತ್ತರಲ್ಲಿ ಏಳೆಂಟು ಮಂದಿಗೆ ವರ್ಷದೊಳಗೆ ತಾನೇ ವಾಸಿಯಾಗುತ್ತದೆ. ನಮ್ಮಂಥ ದೊಡ್ಡವರಿಗೆ ಹೆಚ್ಚಾಗಿ ಉಳಿದುಕೊಳ್ಳುತ್ತದೆ. 12 ತಿಂಗಳು ದಾಟಿದರೆ ದೀರ್ಘಕಾಲದ್ದು ಅಂತ ಲೆಕ್ಕ.

ಹಾಗಾದರೆ ಏನು ನೋಡಬೇಕು? ನಾನು ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಕನ್ನಡಿಯ ಮುಂದೆ ಬಾಯಿ ತೆರೆದು ನೋಡುತ್ತೇನೆ. ಒಸಡು, ಕೆನ್ನೆಯ ಒಳಗೆ, ನಾಲಿಗೆಯ ಕೆಳಗೆ. ನೇರಳೆ ಬಣ್ಣದ ರಕ್ತದ ಗುಳ್ಳೆ ಕಂಡರೆ ಕೌಂಟ್ ತುಂಬಾ ಇಳಿದಿದೆ ಅಂತ ಅರ್ಥ. ಕಾಲಿನ ಚುಕ್ಕೆಗಿಂತ ಬಾಯೊಳಗಿನ ಗುಳ್ಳೆ ದೊಡ್ಡ ಎಚ್ಚರಿಕೆ. ಅವತ್ತೇ ಡಾಕ್ಟರಿಗೆ ಫೋನ್.

ಒಂದು 100 ಪುಟದ ನೋಟ್‌ಬುಕ್ ಇಡಿ. ತಾರೀಕು, ಕೌಂಟ್, ಮಾತ್ರೆ, ಎಲ್ಲಿ ನೀಲಿಗಟ್ಟಿದೆ, ಎಷ್ಟು ಪ್ಯಾಡ್. ಇಷ್ಟು ಸಾಕು. ನನ್ನ ರಾಗಿಯ ಗುಟ್ಟು ಹೊರಬಿದ್ದದ್ದು ಈ ನೋಟ್‌ಬುಕ್ಕಿನಿಂದಲೇ.

ರಾಗಿಯ ಕಥೆ

ನನಗೆ ಮೊದಲು ಕೊಟ್ಟಿದ್ದು ಸ್ಟೀರಾಯ್ಡ್, ಪ್ರತಿಕಾಯಗಳ ದಾಳಿ ತಗ್ಗಿಸುವ ಮಾತ್ರೆ. ಅದನ್ನು ನಿಲ್ಲಿಸಿದಾಗಲೆಲ್ಲ ಕೌಂಟ್ ಬೀಳುತ್ತಿತ್ತು. ಹಾಗಾಗಿ ನನಗೆ ಎಲ್ಟ್ರೋಂಬೋಪ್ಯಾಗ್ ಎಂಬ ಮಾತ್ರೆ ಕೊಟ್ಟರು. ಇದು ಮೂಳೆಯ ಮಜ್ಜೆಗೆ 'ಇನ್ನಷ್ಟು ಪ್ಲೇಟ್ಲೆಟ್ ಮಾಡು' ಅಂತ ಹೇಳುವ ಮಾತ್ರೆ. ಒಂದೆರಡು ವಾರದಲ್ಲಿ ಕೌಂಟ್ ಏರಬೇಕಿತ್ತು. ಆರು ವಾರವಾದರೂ 14, 9, 12 ಸಾವಿರ. ಡೋಸ್ 25ರಿಂದ 50 ಮಿಲಿಗ್ರಾಂಗೆ ಏರಿಸಿದರು. ಊಹೂಂ. ಗುಲ್ಮ ತೆಗೆಯುವ ಆಪರೇಷನ್ ಮಾತು ಬಂತು.

ಆಗ ಒಬ್ಬ ನರ್ಸ್ ನನ್ನ ನೋಟ್‌ಬುಕ್ ತಿರುವಿ, "ಮಾತ್ರೆ ಯಾವಾಗ ತಗೋತೀರಾ?" ಅಂತ ಕೇಳಿದರು. "ರಾತ್ರಿ ಊಟ ಆದ ತಕ್ಷಣ, ಮರೆಯೋದೇ ಇಲ್ಲ" ಅಂತ ಹೆಮ್ಮೆಯಿಂದ ಹೇಳಿದೆ. "ಊಟಕ್ಕೆ ಏನು?" ಮುದ್ದೆ, ಸೊಪ್ಪಿನ ಸಾರು, ಆಮೇಲೆ ಮಜ್ಜಿಗೆ. ಅವರು ತಲೆ ಚಚ್ಚಿಕೊಂಡರು.

ಈ ಮಾತ್ರೆ ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಸಿಕ್ಕರೆ ಅದಕ್ಕೆ ಅಂಟಿಕೊಂಡುಬಿಡುತ್ತದೆ. ಹೆಚ್ಚಿನ ಪಾಲು ರಕ್ತಕ್ಕೆ ಸೇರುವುದೇ ಇಲ್ಲ, ಹಾಗೇ ಹೊರಗೆ ಹೋಗುತ್ತದೆ. ಊಟದ ಜೊತೆ ತೆಗೆದುಕೊಂಡರೆ ಆ ಊಟದಲ್ಲಿ ಕ್ಯಾಲ್ಸಿಯಂ 50 ಮಿಲಿಗ್ರಾಂಗಿಂತ ಕಮ್ಮಿ ಇರಬೇಕು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಒಂದು ಲೋಟ ಹಾಲಿನಲ್ಲಿ 200ಕ್ಕೂ ಮೇಲೆ. ನಾನು ದಿನಾ ದುಬಾರಿ ಮಾತ್ರೆ ನುಂಗಿ ಮುದ್ದೆಗೆ ಬಡಿಸುತ್ತಿದ್ದೆ ಅಷ್ಟೆ. ಮಾತ್ರೆಯ ಜೊತೆ ಬರುವ ಚೀಟಿಯಲ್ಲಿ 'ಹಾಲಿನ ಪದಾರ್ಥ ಬೇಡ' ಅಂತ ಇರುತ್ತದೆ. ಹಾಲಿಗಿಂತ ರಾಗಿಯಲ್ಲೇ ಕ್ಯಾಲ್ಸಿಯಂ ಜಾಸ್ತಿ ಅಂತ ಆ ಚೀಟಿ ಬರೆದವರಿಗೆ ಎಲ್ಲಿ ಗೊತ್ತು?

ಲೆಕ್ಕ ಹೀಗೆ. ಹಾಲು, ಮೊಸರು, ರಾಗಿ, ಎಳ್ಳು, ಹುರುಳಿ, ಸೊಪ್ಪು ತಿಂದು ನಾಲ್ಕು ಗಂಟೆ ಆದ ಮೇಲೆ ಮಾತ್ರೆ. ಮಾತ್ರೆ ನುಂಗಿದ ಮೇಲೆ ಅವನ್ನು ಮುಟ್ಟಲು ಎರಡು ಗಂಟೆ ಕಾಯಬೇಕು. ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ, ಜಿಂಕ್ ಇರುವ ವಿಟಮಿನ್, ಗ್ಯಾಸಿಗೆ ಕುಡಿಯುವ ಗುಲಾಬಿ ಬಣ್ಣದ ಸಿರಪ್, ಎಲ್ಲಕ್ಕೂ ಇದೇ ನಿಯಮ. ನಾನು ಬೆಳಗಿನ ಜಾವ 4:30ಕ್ಕೆ ಬರೀ ನೀರಿನಲ್ಲಿ ನುಂಗುತ್ತೇನೆ. 6:30ಕ್ಕೆ ಬಸ್ ಸ್ಟ್ಯಾಂಡಿನಲ್ಲಿ ಹಾಲು ಹಾಕಿದ ಕಾಫಿ. ಕಬ್ಬಿಣದ ಮಾತ್ರೆ ಮಧ್ಯಾಹ್ನ 3ಕ್ಕೆ. ರಾತ್ರಿ ನಿಶ್ಚಿಂತೆಯಿಂದ ಮುದ್ದೆ. ನೈಟ್ ಹಾಲ್ಟ್ ಇದ್ದ ದಿನವೂ ಇದೇ ಸಮಯ. ಬೆಳಗಿನ ಜಾವ ಆಗದವರಿಗೆ ಅನ್ನ ತಿಳಿಸಾರು, ಅವಲಕ್ಕಿ ಒಗ್ಗರಣೆಯಂಥ ತಿಂಡಿಯ ಜೊತೆಗೂ ನಡೆಯುತ್ತದೆ.

ಸಮಯ ಬದಲಿಸಿದ ಮೂರನೇ ವಾರ 58 ಸಾವಿರ. ಆಪರೇಷನ್ ಮಾತು ಅಲ್ಲಿಗೇ ನಿಂತಿತು.

ಮೂರು ಎಚ್ಚರಿಕೆ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ. ಕೌಂಟ್ ತೀರಾ ಏರಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಲಿವರ್ ಪರೀಕ್ಷೆ ಡಾಕ್ಟರ್ ಹೇಳಿದಾಗ ತಪ್ಪದೆ ಮಾಡಿಸಿ. ಮತ್ತೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಕೌಂಟ್ ಮೊದಲಿದ್ದದ್ದಕ್ಕಿಂತ ಕೆಳಗೆ ಬೀಳಬಹುದು.

ಸ್ಟೀರಾಯ್ಡ್ ದಿನಗಳು

ಔಷಧಿ ಬೇಕಾದವರಿಗೆ ಸಾಮಾನ್ಯವಾಗಿ ಮೊದಲು ಇದೇ. ಪ್ರೆಡ್ನಿಸೊಲೋನ್ ಅಥವಾ ನಾಲ್ಕು ದಿನದ ಡೆಕ್ಸಾಮೆಥಾಸೋನ್. ಕೌಂಟ್ ಬೇಗ ಏರುತ್ತದೆ, ಮನಸ್ಸು ಅದಕ್ಕಿಂತ ಬೇಗ ಏರುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ತಾಮ್ರದ ಹಂಡೆ ಉಜ್ಜಿದ್ದೇನೆ. ಐದು ರೂಪಾಯಿ ಚಿಲ್ಲರೆಗೆ ಒಬ್ಬ ಯಜಮಾನರ ಮೇಲೆ ಬಸ್ಸಿಡೀ ಕೇಳುವಂತೆ ಕೂಗಾಡಿ, ಇಳಿಯುವಾಗ ಕ್ಷಮೆ ಕೇಳಿದ್ದೇನೆ. ಇದು ಮಾತ್ರೆಯ ಗುಣ ಅಂತ ಮನೆಯವರಿಗೆ ಮೊದಲೇ ಹೇಳಿಡಿ. ಬೆಳಿಗ್ಗೆ ತಿಂಡಿಯ ನಂತರ ತೆಗೆದುಕೊಂಡರೆ ನಿದ್ದೆ ಸ್ವಲ್ಪವಾದರೂ ಬರುತ್ತದೆ. ಉಪ್ಪು, ಉಪ್ಪಿನಕಾಯಿ, ಹಪ್ಪಳ ಕಮ್ಮಿ ಮಾಡಿ. ಶುಗರ್, ಬಿಪಿ ನೋಡಿಸುತ್ತಿರಿ. ಮುಖ ಊದಿಕೊಳ್ಳುತ್ತದೆ, ಡೋಸ್ ಇಳಿದ ಮೇಲೆ ಇಳಿಯುತ್ತದೆ. ಕನ್ನಡಿ ನೋಡಿ ಬೇಸರಪಟ್ಟು ಮಾತ್ರೆ ಬಿಸಾಡಬೇಡಿ. ಪ್ರೆಡ್ನಿಸೊಲೋನ್ ತಟ್ಟನೆ ನಿಲ್ಲಿಸುವುದು ಅಪಾಯ, ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು.

ಗುಲ್ಮ ತೆಗೆಯುವ ಆಪರೇಷನ್ ನಾನು ಮಾಡಿಸಿಕೊಂಡಿಲ್ಲ. ಮೂವರಲ್ಲಿ ಇಬ್ಬರಿಗೆ ಒಳ್ಳೆಯದಾಗುತ್ತದೆ. ಕಾಯಿಲೆ ತಾನೇ ಹೋಗಬಹುದು ಅಂತ ಒಂದು ವರ್ಷವಾದರೂ ಕಾಯಲು ಹೇಳುತ್ತಾರೆ. ಮಾಡಿಸುವುದೇ ಆದರೆ ನ್ಯುಮೋನಿಯಾ, ಮೆನಿಂಜೈಟಿಸ್ ಲಸಿಕೆಗಳನ್ನು ಎರಡು ವಾರ ಮುಂಚೆಯೇ ಹಾಕಿಸಿಕೊಳ್ಳಬೇಕು.

ಮನೆ, ಬಸ್ಸು

ತಿಪಟೂರಿನಲ್ಲಿ ಹುಟ್ಟಿ ತೆಂಗಿನಕಾಯಿ ತುರಿಯುವುದಿಲ್ಲ ಅಂದರೆ ನಗುತ್ತಾರೆ. ನಗಲಿ. ಕೌಂಟ್ 20 ಸಾವಿರದ ಕೆಳಗಿದ್ದಾಗ ತುರಿಮಣೆ ನನ್ನ ಗಂಡನದು. ಈಳಿಗೆ ಮಣೆ ಅಟ್ಟಕ್ಕೆ ಹೋಯಿತು. ಈಗ ಹಲಗೆ ಇಟ್ಟು ಸಣ್ಣ ಚಾಕುವಿನಲ್ಲಿ ಹೆಚ್ಚುತ್ತೇನೆ. ಬ್ರಷ್ ಮೆತ್ತಗಿನದು, ಬೇವಿನ ಕಡ್ಡಿ ಬೇಡ. ಬಾಯಲ್ಲಿ ಗುಳ್ಳೆ ಇದ್ದಾಗ ನಿಪ್ಪಟ್ಟು, ಕೋಡುಬಳೆಯ ಆಸೆ ಬಿಡಬೇಕು, ಒಸಡು ಕೊಯ್ಯುತ್ತವೆ. ಗಂಡಸರು ಬ್ಲೇಡ್ ಬಿಟ್ಟು ಟ್ರಿಮ್ಮರ್ ಹಿಡಿಯಲಿ.

ಬಸ್ಸಿನಲ್ಲಿ ಸೀಟಿನ ಕಂಬಿ ನನ್ನ ಶತ್ರು. ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ಸೊಂಟಕ್ಕೆ ಒಂದು ಏಟು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸು ತುಂಬಿ ತುಳುಕುತ್ತದೆ. ಹೆಂಗಸರು ಓಡಾಡುವುದು ಕಂಡು ನನಗೂ ಖುಷಿಯೇ, ಆದರೆ ಮೊಣಕೈಗಳ ಪಾಡು ಕೇಳಬೇಡಿ. ಯೂನಿಫಾರ್ಮ್ ಒಳಗೆ ಮೊಣಕೈಗೆ ವಾಲಿಬಾಲ್ ಆಡುವವರ ಪ್ಯಾಡ್ ಹಾಕುತ್ತೇನೆ. ಬಸ್ಸು ಚಲಿಸುವಾಗ ಒಂದು ಕೈ ಯಾವಾಗಲೂ ಕಂಬಿಯ ಮೇಲೆ. ಟಿಕೆಟ್ ನಿಧಾನವಾದರೆ ಆಗಲಿ.

ಒಂದು ದಿನ ವಯಸ್ಸಾದ ಹೆಂಗಸೊಬ್ಬರು ನನ್ನ ತೋಳು ಹಿಡಿದು ನೀಲಿ ಗುರುತು ನೋಡಿ ಮೆಲ್ಲಗೆ ಕೇಳಿದರು: "ಯಾಕವ್ವಾ, ಗಂಡ ಹೊಡೀತಾನಾ?" ನನ್ನ ಗಂಡ ಆ ಹೊತ್ತಿಗೆ ಮನೆಯಲ್ಲಿ ಕಾಯಿ ತುರಿಯುತ್ತಿದ್ದ. ಇಂಥ ಪ್ರಶ್ನೆ ಬಂದೇ ಬರುತ್ತದೆ. "ರಕ್ತದ ಕಾಯಿಲೆ ಅಜ್ಜಿ, ಅಂಟೋದಲ್ಲ" ಎಂಬ ಒಂದು ಸಾಲು ತಯಾರಿಟ್ಟುಕೊಳ್ಳಿ. 'ಅಂಟೋದಲ್ಲ' ಅನ್ನುವುದು ಮುಖ್ಯ.

ಸುಸ್ತು ಕೂಡ ಈ ಕಾಯಿಲೆಯದ್ದೇ. ರಿಪೋರ್ಟಿನಲ್ಲಿ ಕಾಣುವುದಿಲ್ಲ, ಹಾಗಾಗಿ ಯಾರೂ ನಂಬುವುದಿಲ್ಲ. ನೀವಾದರೂ ನಂಬಿ.

ಮುಟ್ಟು

ಹೆಂಗಸರು ನಾಚಿಕೆಯಿಂದ ಡಾಕ್ಟರಿಗೆ ಹೇಳದೆ ಬಿಡುವುದು ಇದನ್ನೇ. ನಾನೂ ಒಂದು ವರ್ಷ ಹೇಳಲಿಲ್ಲ. ಹಿಮೋಗ್ಲೋಬಿನ್ 7.8ಕ್ಕೆ ಬಂದು ಮೆಟ್ಟಿಲು ಹತ್ತಲು ಏದುಸಿರು ಬಂದಾಗ ಬಾಯಿ ಬಿಟ್ಟೆ. ಹೆಂಗಸರಿಗೆ 12 ಇರಬೇಕು.

ಟ್ರಾನೆಕ್ಸಾಮಿಕ್ ಆಸಿಡ್ ಅಂತ ಮಾತ್ರೆ ಇದೆ. ಜಪಾನಿನ ಉಟಾಕೊ ಒಕಾಮೊಟೊ ಎಂಬ ಮಹಿಳೆ ಗಂಡನ ಜೊತೆ ಸೇರಿ ಕಂಡುಹಿಡಿದದ್ದು. ಇದು ಕೌಂಟ್ ಏರಿಸುವುದಿಲ್ಲ, ಕಟ್ಟಿದ ಹೆಪ್ಪು ಕರಗದಂತೆ ನೋಡಿಕೊಳ್ಳುತ್ತದೆ. ಹೆಚ್ಚು ಹೋಗುವ ಮೂರು ನಾಲ್ಕು ದಿನ ಮಾತ್ರ ಡಾಕ್ಟರ್ ಬರೆದಂತೆ ತೆಗೆದುಕೊಳ್ಳುತ್ತೇನೆ. ಮೂತ್ರದಲ್ಲಿ ರಕ್ತ ಬರುತ್ತಿದ್ದರೆ, ಹಿಂದೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ, ಕೇಳದೆ ಮುಟ್ಟಬೇಡಿ. ಗಂಟೆಗೊಂದು ಪ್ಯಾಡ್ ತೊಯ್ದರೆ ಮನೆಯಲ್ಲಿ ಕೂರಬೇಡಿ. ಆ ದಿನಗಳಲ್ಲಿ ನಾನು ದೂರದ ರೂಟ್ ಬೇಡ ಅಂತ ಕೇಳಿ ಬದಲಿಸಿಕೊಳ್ಳುತ್ತೇನೆ. ಹಳ್ಳಿ ಸ್ಟಾಪಿನಲ್ಲಿ ಶೌಚಾಲಯ ಎಲ್ಲಿರುತ್ತದೆ, ಹೇಳಿ?

ಜೇಬಿನಲ್ಲಿ ಇರಬೇಕಾದದ್ದು, ಇರಬಾರದ್ದು

ತಲೆನೋವು ಅಂದರೆ ನಮ್ಮ ಡ್ರೈವರ್‌ಗಳ ಶರ್ಟ್ ಜೇಬಿನಿಂದ ಒಂದು ಮಾತ್ರೆ ಬರುತ್ತದೆ. ಬೇಡ ಅನ್ನಿ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್, ಮೂರೂ ಇರುವ ಅಷ್ಟಿಷ್ಟು ಪ್ಲೇಟ್ಲೆಟ್ ಕೂಡ ಕೆಲಸ ಮಾಡದಂತೆ ಮಾಡುತ್ತವೆ. ಡಿಸ್ಪ್ರಿನ್ ಅಂದರೆ ಆಸ್ಪಿರಿನ್. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಇದೆ. ಜ್ವರಕ್ಕೂ ನೋವಿಗೂ ಪ್ಯಾರಾಸಿಟಮಾಲ್ ಒಂದೇ. ಸೊಂಟಕ್ಕೆ ಹಾಕುವ ಇಂಜೆಕ್ಷನ್ ಕೂಡ ಬೇಡ, ಸ್ನಾಯುವಿನೊಳಗೆ ರಕ್ತ ತುಂಬಿಕೊಳ್ಳುತ್ತದೆ. ಹಲ್ಲು ಕೀಳಿಸುವ ಮೊದಲು ಕೌಂಟ್ ನೋಡಿಸಿ, ಹೆಮಟಾಲಜಿಸ್ಟ್‌ಗೆ ತಿಳಿಸಿ.

ನನ್ನ ಟಿಕೆಟ್ ಮೆಷಿನ್ನಿನ ಚೀಲದಲ್ಲಿ ಲ್ಯಾಮಿನೇಟ್ ಮಾಡಿಸಿದ ಒಂದು ಕಾರ್ಡ್ ಇದೆ. ಹೆಸರು, ರಕ್ತದ ಗುಂಪು, 'ಐಟಿಪಿ, ಪ್ಲೇಟ್ಲೆಟ್ ಕಮ್ಮಿ', ಕೊಡಬಾರದ ಮಾತ್ರೆಗಳು, ಡಾಕ್ಟರ್ ನಂಬರ್, ಗಂಡನ ನಂಬರ್. ಕನ್ನಡದಲ್ಲಿ ಒಂದು ಕಡೆ, ಇಂಗ್ಲಿಷಿನಲ್ಲಿ ಇನ್ನೊಂದು ಕಡೆ.

ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ ಎತ್ತುವುದು ನಮ್ಮ ಹಳೇ ಅಭ್ಯಾಸ. ತಪ್ಪು, ರಕ್ತ ಗಂಟಲಿಗೆ ಇಳಿಯುತ್ತದೆ. ಕೂತು ಮುಂದಕ್ಕೆ ಬಾಗಿ. ಮೂಗಿನ ಮೆತ್ತಗಿನ ಭಾಗವನ್ನು 15 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಿಂತಿತಾ ಅಂತ ನಡುನಡುವೆ ಬಿಟ್ಟು ನೋಡಬೇಡಿ. ಎರಡನೇ ಸಲ ಒತ್ತಿದರೂ ನಿಲ್ಲದಿದ್ದರೆ ಆಸ್ಪತ್ರೆ.

ಇನ್ನು ಕೆಲವಕ್ಕೆ ಕಾಯುವ ಮಾತೇ ಇಲ್ಲ. ಹಿಂದೆಂದೂ ಬಾರದಂಥ ತಲೆನೋವು, ವಾಂತಿ, ಕಣ್ಣು ಮಂಜಾಗುವುದು, ಮಾತು ತೊದಲುವುದು, ತಲೆಗೆ ಪೆಟ್ಟು, ಟಾರಿನಂತೆ ಕಪ್ಪು ಮಲ, ರಕ್ತದ ವಾಂತಿ. 108ಕ್ಕೆ ಫೋನ್ ಮಾಡಿ. ಒಳಗೆ ಹೋದ ಕೂಡಲೇ "ಐಟಿಪಿ ಇದೆ, ತಲೆಗೆ ಏಟು ಬಿದ್ದಿದೆ" ಅಂತ ಮೊದಲ ವಾಕ್ಯದಲ್ಲೇ ಹೇಳಿ, ಸರದಿಯಲ್ಲಿ ಕೂರಬೇಡಿ. ಅಂಥ ಹೊತ್ತಿನಲ್ಲಿ ಸ್ಟೀರಾಯ್ಡ್, ಐವಿಐಜಿ (ರಕ್ತನಾಳಕ್ಕೆ ಏರಿಸುವ ಪ್ರತಿಕಾಯಗಳ ಔಷಧಿ), ಪ್ಲೇಟ್ಲೆಟ್ ಎಲ್ಲವನ್ನೂ ಒಟ್ಟಿಗೆ ಕೊಡುತ್ತಾರೆ. ಬೇರೆ ಸಮಯದಲ್ಲಿ "ಪ್ಲೇಟ್ಲೆಟ್ ಯಾಕೆ ಏರಿಸಲ್ಲ?" ಅಂತ ಜಗಳ ಆಡಬೇಡಿ. ಏರಿಸಿದ್ದನ್ನೂ ಮೈ ಅಷ್ಟೇ ಬೇಗ ತಿಂದುಹಾಕುತ್ತದೆ.

ಕೊನೆಗೆ ಮಾತ್ರೆಯ ದಾಸ್ತಾನು. ಎಲ್ಟ್ರೋಂಬೋಪ್ಯಾಗ್ ಎಲ್ಲಾ ಮೆಡಿಕಲ್ ಸ್ಟೋರ್‌ನಲ್ಲಿ ಇಟ್ಟಿರುವುದಿಲ್ಲ. ಹಬ್ಬದ ರಜೆ ಬಂದರೆ ಇನ್ನೂ ಕಷ್ಟ. ನಾನು ಹತ್ತು ಮಾತ್ರೆ ಉಳಿದಿರುವಾಗಲೇ ಅಂಗಡಿಗೆ ಹೇಳಿಡುತ್ತೇನೆ. ಅವರು ತುಮಕೂರಿನಿಂದ ತರಿಸುತ್ತಾರೆ, ಎಷ್ಟೋ ಸಲ ನಮ್ಮ ಬಸ್ಸಿನಲ್ಲೇ.